ಬರೋ ವರ್ಷದ ಮಿಷಿನ್ನು

ತೊಂಬತ್ತಾರನೇ ಇಸವಿಯ ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಸಿಂಧನೂರಿನ ಅಂಬಪ್ಪ ತನ್ನ ಅಂಗಡಿಯ ಮುಂದಿನ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಎರಡು ಸಾಲು ಬರೆದ. ಅಕ್ಷರ ದುಂಡಗಿದ್ದವು, ತಪ್ಪೂ ಇರಲಿಲ್ಲ. ಆದರೂ ಆ ದಿನ ಕೆಡುವುದಕ್ಕೆ ಆ ಎರಡು ಸಾಲೇ ಸಾಕಾದವು.

ಬಸ್ ಸ್ಟ್ಯಾಂಡಿನ ಹಿಂದೆ ಅವನದು ತಾಸಿಗಿಷ್ಟು ಎಂದು ಆಡಿಸುವ ವಿಡಿಯೋ ಗೇಮಿನ ಅಂಗಡಿ. ಎರಡು ಟಿವಿ, ಅವಕ್ಕೆ ಹಚ್ಚಿ ಆಡುವ ಎರಡು ಮಿಷಿನ್ನು, ನಾಲ್ಕು ಸ್ಟೂಲು. ಒಂದು ಟಿವಿ ಕೆಟ್ಟು ತಿಂಗಳಾಗಿತ್ತು. ಪಕ್ಕದ ರೈಸ್ ಮಿಲ್ಲಿನ ತೌಡಿನ ಧೂಳು ಕೂಡದಿರಲಿ ಎಂದು ಅದಕ್ಕೆ ಅವ್ವನ ಹಳೆಯ ಇಳಕಲ್ ಸೀರೆ ಹೊದಿಸಿ ಮೂಲೆಯಲ್ಲಿಟ್ಟಿದ್ದ.

ಅಂಬಪ್ಪನಿಗೆ ಮೂವತ್ತೆರಡು ವರ್ಷ. ಐದು ಸಂಬಂಧ ಬಂದು ತಪ್ಪಿಹೋಗಿದ್ದವು. ಬಂದ ಬೀಗರೆಲ್ಲ ಕೇಳಿದ್ದು ಒಂದೇ ಮಾತು: ಅಂಗಡಿ ಅಂತೀರಿ, ಮಾರೋದೇನು? ಗಿರಾಕಿಗಳು ಬರಿಗೈಯಲ್ಲಿ ಬಂದು ಬರಿಗೈಯಲ್ಲೇ ಹೋಗುತ್ತಿದ್ದರು. ನಡುವೆ ಟಿವಿಯೊಳಗಿನ ಒಂದಷ್ಟು ಮಂದಿಯನ್ನು ಹೊಡೆದು ಹಾಕುತ್ತಿದ್ದರು, ಅಷ್ಟೆ.

ಆರನೆಯದು ತುರ್ವಿಹಾಳದ ದ್ಯಾವಪ್ಪನ ಮಗಳು ಹೊನ್ನೂರಮ್ಮ. ಹುಡುಗಿಯನ್ನು ನೋಡಿ ಬಂದಾಗಿನಿಂದ ಅಂಬಪ್ಪನಿಗೆ ರೊಟ್ಟಿ ಸೇರುತ್ತಿರಲಿಲ್ಲ. ಈ ಸಂಬಂಧ ಕೂಡದಿದ್ದರೆ ತಾನು ಇನ್ನು ಮದುವೆಯ ಮಾತೇ ಎತ್ತುವುದಿಲ್ಲ ಎಂದು ಚಿಗವ್ವ ಗ್ಯಾನಮ್ಮನಿಗೆ ಹೇಳಿಬಿಟ್ಟಿದ್ದ. ಗ್ಯಾನಮ್ಮ ಹೆದರಿ ತುರ್ವಿಹಾಳಕ್ಕೆ ಹೋದವಳು, ನಮ್ಮ ಹುಡುಗನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ ಎಂದು ಹೇಳಿ ಬಂದಿದ್ದಳು. ದ್ಯಾವಪ್ಪ ಗದ್ದೆಯ ಮನುಷ್ಯ, ಕಣ್ಣಿಂದ ನೋಡದೆ ನಂಬುವವನಲ್ಲ. ಸೋಮವಾರ ಹನ್ನೆರಡರ ಬಸ್ಸಿಗೆ ಬರುತ್ತೇನೆ ಎಂದಿದ್ದ.

ಹೆದರಬೇಕಾದ್ದೇನೂ ಇರಲಿಲ್ಲ. ಬೇಸಿಗೆ ಸೂಟಿಯ ದಿನಗಳು. ಕಾಲೇಜಿನವರು, ಲಾರಿ ಡ್ರೈವರುಗಳು, ಮಿಲ್ಲಿನ ಹಮಾಲರು, ಎಲ್ಲರೂ ಒಂಬತ್ತಕ್ಕೇ ಬಂದು ಪಾಳಿ ಹಚ್ಚುತ್ತಿದ್ದರು. ಅಂಬಪ್ಪ ಸುಮ್ಮನೆ ಕೂತಿದ್ದರೂ ಅಂಗಡಿ ತುಂಬುತ್ತಿತ್ತು. ಅವನು ಸುಮ್ಮನೆ ಕೂಡಲಿಲ್ಲ.

ಎಂಟು ಗಂಟೆಗೆ ಬುಡ್ಡೇಸಾಬನ ಚಹಾದಂಗಡಿಯಲ್ಲಿ ಮಾನಪ್ಪ ಪೇಪರು ಓದುತ್ತಿದ್ದ. ಈ ಮಾನಪ್ಪ ಅಂಬಪ್ಪನ ಅಂಗಡಿಯ ಮಹಡಿಯ ಮೇಲಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಾಸ್ತರ. ಆ ಓಣಿಯಲ್ಲಿ ಇಂಗ್ಲಿಷ್ ಪೇಪರು ಓದುವವನು ಅವನೊಬ್ಬನೇ. ಹೀಗಾಗಿ ಅವನು ಏನು ಓದಿದರೂ ನಂಬಬೇಕಾಗಿತ್ತು. ಅಮೆರಿಕದಲ್ಲಿ ವಿಡಿಯೋ ಗೇಮು ಮಾಡುವವರೆಲ್ಲ ವರ್ಷಕ್ಕೊಮ್ಮೆ ಒಂದು ಕಡೆ ಸೇರುತ್ತಾರಂತೆ. ಬರುವ ವರ್ಷದ ಮಿಷಿನ್ನನ್ನು ಬಟ್ಟೆ ಮುಚ್ಚಿ ತಂದು, ಎಲ್ಲರೆದುರು ಬಟ್ಟೆ ತೆಗೆದು ತೋರಿಸುತ್ತಾರಂತೆ.

ಎಷ್ಟಕ್ಕೆ ಮಾರುತ್ತಾರೆ ಎಂದು ಬುಡ್ಡೇಸಾಬ ಕೇಳಿದ.

“ಮಾರಂಗಿಲ್ಲ. ಬರ್ತೈತಿ ಅಂತ ಹೇಳಿ ಕಳಸ್ತಾರ,” ಎಂದ ಮಾನಪ್ಪ.

“ಅಷ್ಟು ಕೇಳಾಕ ಮಂದಿ ಹೋಗ್ತಾರೇನ್ರೀ?”

“ಇಮಾನದಾಗ ಹೋಗ್ತಾರ.”

ಚಹಾ ಕುಡಿಯುತ್ತ ಕೇಳುತ್ತಿದ್ದ ಅಂಬಪ್ಪನ ಎದೆ ಉಬ್ಬಿತು. ತನ್ನ ಧಂದೆಯ ಸುದ್ದಿ ಪೇಪರಿನಲ್ಲಿ ಬಂದದ್ದು ಅದೇ ಮೊದಲು. ಇದನ್ನು ದ್ಯಾವಪ್ಪ ನೋಡಬೇಕು ಎನಿಸಿತು. ಟಾಕೀಸಿನವರು ಮುಂದಿನ ವಾರದ ಸಿನಿಮಾಕ್ಕೆ ಬರೆಸುವ ಹಾಗೆ ಹಲಗೆಯ ಮೇಲೆ ಬರೆದ: ‘ಅಮೆರಿಕದಲ್ಲಿ ತೋರಿಸಲಾದ ಹೊಚ್ಚ ಹೊಸ ಮಿಷಿನ್ನು. ಇಲ್ಲಿಯೂ ಅತಿ ಶೀಘ್ರದಲ್ಲಿ ಬರಲಿದೆ.’

ಮೊದಲು ಬಂದವನು ಹಮಾಲಿ ದುರುಗಪ್ಪ. ಆರು ತಿಂಗಳಿಂದ ಒಂದು ದಿನವೂ ತಪ್ಪಿಸದ ಗಿರಾಕಿ. ಹಲಗೆಯನ್ನು ಎರಡು ಸಲ ಓದಿ, ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ತಿರುಗಿದ.

“ಹೊಸದು ಬರ್ಲಿ ತಗಾ ಅಂಬಣ್ಣ. ಈಗ ಇದನ್ನ ಆಡಿ ಯಾಕ ಕೈ ಕೆಡಿಸ್ಕೋಬೇಕು.”

ಅವನ ಹಿಂದೆ ಬಂದವರೂ ಓದಿದರು, ಚಲೋ ಸುದ್ದಿ ಎಂದರು, ಹೋದರು. ಹತ್ತು ಗಂಟೆಗೆ ಅಂಗಡಿಯಲ್ಲಿ ಅಂಬಪ್ಪ ಮತ್ತು ನಾಲ್ಕು ಸ್ಟೂಲು ಉಳಿದವು. ಅವನು ಹಲಗೆ ಒರೆಸಿದ. ಆದರೆ ಓದಿದವರ ತಲೆಯೊಳಗಿನದನ್ನು ಒರೆಸುವುದು ಹೇಗೆ? ಹನ್ನೊಂದಾಯಿತು, ಒಬ್ಬನೂ ಹಣಿಕಿ ನೋಡಲಿಲ್ಲ. ಅಂಬಪ್ಪನಿಗೆ ಅಳು ಬಂತು. ಅದನ್ನು ನುಂಗಿಕೊಂಡು ಬುಡ್ಡೇಸಾಬನ ಹತ್ತಿರ ಹೋಗಿ ಇದ್ದದ್ದನ್ನೆಲ್ಲ ಹೇಳಿಕೊಂಡ.

ಬುಡ್ಡೇಸಾಬ ಕರುಣೆಯುಳ್ಳ ಮನುಷ್ಯ, ಅದೇ ಅವನಲ್ಲಿದ್ದ ಕೆಟ್ಟ ಗುಣ. ಮಂದಿಯನ್ನು ತರುವುದು ತನಗಿರಲಿ, ನೀ ಹೋಗಿ ಕೂಡು ಎಂದು ಕಳಿಸಿದ. ಆಮೇಲೆ ಚಹಾಕ್ಕೆ ಬಂದ ಒಬ್ಬೊಬ್ಬರ ಕಿವಿಯಲ್ಲೂ, ಆ ಮಿಷಿನ್ನು ಬಂದುಬಿಟ್ಟಿದೆ, ದೊಡ್ಡವರಿಗೆ ತೋರಿಸಬೇಕೆಂದು ಅಂಬಪ್ಪ ಹಲಗೆ ಒರೆಸಿ ಸೀರೆ ಮುಚ್ಚಿಟ್ಟಿದ್ದಾನೆ, ಯಾರ ಮುಂದೂ ಅನ್ನಬೇಡ ಎಂದ. ಅರ್ಧ ತಾಸಿನಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಅದು ಗೊತ್ತಿಲ್ಲದವರೇ ಉಳಿಯಲಿಲ್ಲ. ಲಿಂಗಸ್ಗೂರಿಗೆ ಹೋಗುವವರು ಬಸ್ಸು ಬಿಟ್ಟು ಬಂದರು. ಮಸ್ಕಿ ಬಸ್ಸಿನ ಕಂಡಕ್ಟರನೂ ಬಂದ, ಅವನ ಹಿಂದೆ ಅವನನ್ನು ಹುಡುಕುತ್ತ ಡ್ರೈವರನೂ ಬಂದ.

ಹನ್ನೆರಡಕ್ಕೆ ದ್ಯಾವಪ್ಪ ಕೈಚೀಲ ಹಿಡಿದು ಬಂದಾಗ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗ್ಯಾನಮ್ಮ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಸೊಸೈಟಿಯಲ್ಲಿ ಗೊಬ್ಬರ ಕೊಡುವಾಗಲೂ ಇಷ್ಟು ಮಂದಿ ಕೂಡಿದ್ದನ್ನು ಕಾಣೆ ಎಂದು ಅವನು ಪಕ್ಕದವನಿಗೆ ಹೇಳಿದ್ದು ಒಳಗಿದ್ದ ಅಂಬಪ್ಪನಿಗೂ ಕೇಳಿಸಿತು. ಜೀವ ಹಗುರಾಯಿತು.

ಅಷ್ಟರಲ್ಲಿ ದುರುಗಪ್ಪ, ಸೀರಿ ತಗಿ ಅಂಬಣ್ಣ, ಎಂದ. ತಗಿ ತಗಿ ಎಂದು ಉಳಿದವರೂ ಹಿಡಿದರು. ಅಂಬಪ್ಪ ಅಡ್ಡ ಬಂದ. ಅಡ್ಡ ಬಂದದ್ದರಿಂದ ಒಳಗೇನೋ ಇರುವುದು ಖಾತ್ರಿಯಾಯಿತು. ಯಾರೋ ಸೆರಗು ಜಗ್ಗಿದರು, ಸೀರೆ ಸರ್ರನೆ ಜಾರಿ ಬಿತ್ತು.

ಒಳಗೆ ಹದಿನಾಲ್ಕು ಇಂಚಿನ ಹಳೆಯ ಟಿವಿ ಇತ್ತು. ಅದರ ಚಾನೆಲ್ ತಿರುಗಿಸುವ ಗುಬ್ಬಿ ಕಿತ್ತುಹೋಗಿ ಆ ಜಾಗಕ್ಕೆ ಬೆಂಕಿಕಡ್ಡಿ ಸಿಕ್ಕಿಸಲಾಗಿತ್ತು.

ಮಂದಿ ಸ್ವಲ್ಪ ಹೊತ್ತು ಬೆಂಕಿಕಡ್ಡಿಯನ್ನು ನೋಡಿದರು. ಆಮೇಲೆ ಅಂಬಪ್ಪನನ್ನು ನೋಡಿದರು. ಬಸ್ಸು ತಪ್ಪಿಸಿಕೊಂಡವರು ಮುಂದಕ್ಕೆ ಬಂದರು. ಒಬ್ಬ ಬಗ್ಗಿ ಕಾಲಲ್ಲಿದ್ದುದನ್ನು ಕೈಗೆ ತೆಗೆದುಕೊಂಡ. ಹೊನ್ನೂರಮ್ಮನ ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅಂಬಪ್ಪ ಸ್ಟೂಲು ಹತ್ತಿದ. ಅವನು ಜನ್ಮದಲ್ಲಿ ನಾಲ್ಕು ಮಂದಿಯ ಎದುರು ಮಾತಾಡಿದವನಲ್ಲ, ಆದರೆ ಅಂದು ಮಾತು ತಾನಾಗಿಯೇ ಬಂತು.

“ನೋಡ್ರಿ, ಇದು ಹಳೇದು, ಖರೆ. ಹೊಸದು ಇನ್ನಾ ಬಂದಿಲ್ಲ. ಆದ್ರ ಅವಸರ ಯಾಕ್ರೀ? ಎದುರಿಗೆ ಐತಿ ಅಂತ ಇದಕ್ಕ ಜೋತು ಬಿದ್ರ, ನಾಳಿ ಚಲೋದು ಬಂದಾಗ ಹೊಟ್ಟಿ ಉರ್ಕೋಬೇಕು. ಬರೋ ವರ್ಷ ಬರೋದು ಜರೂರ್ ಇದಕ್ಕಿಂತ ಚಲೋ ಇರ್ತೈತಿ. ಶಾಣ್ಯಾ ಮಂದಿ ಒಂದು ವರ್ಷ ತಡಕೊಂತಾರ.”

ಮೆಟ್ಟಿಲ ಮೇಲಿಂದ ಮಾನಪ್ಪ, ಅಮೆರಿಕದಲ್ಲೂ ಇದೇ ಮಾತು ಹೇಳಿದ್ದಾರೆ ಎಂದು ಪೇಪರು ಎತ್ತಿ ತೋರಿಸಿದ. ಮಂದಿಗೆ ಸರಿಯೆನಿಸಿತು. ಚಪ್ಪಲಿ ನೆಲಕ್ಕಿಳಿಯಿತು. ಎಲ್ಲರೂ ಬುಡ್ಡೇಸಾಬನಲ್ಲಿ ಚಹಾ ಕುಡಿದು ಸಮಾಧಾನದಿಂದ ಚದುರಿದರು.

ದ್ಯಾವಪ್ಪ ಒಳಗೆ ಬಂದು ಕೂತ. ಅಂಬಪ್ಪ ತಾನೇ ಹೋಗಿ ಚಹಾ ತಂದು ಕೊಟ್ಟ. ಚಹಾ ಮುಗಿಸಿ ದ್ಯಾವಪ್ಪ ಕೈಚೀಲ ಬಿಚ್ಚಿದ. ಸಕ್ಕರೆ, ಉತ್ತತ್ತಿ, ಎರಡು ಕೊಬ್ಬರಿ ಬಟ್ಟಲು ಇದ್ದವು.

“ಖರೆ ಹೇಳ್ಬೇಕಂದ್ರ, ಅಂಗಡಿ ಖಾಲಿ ಇದ್ರೂ ಇವತ್ತು ಮಾತು ಗಟ್ಟಿ ಮಾಡ್ಕೊಂಡ ಹೋಗಬೇಕಂತ ಬಂದಿದ್ನಿ,” ಎಂದ. “ಹುಡುಗಿಗೂ ನೀವು ಮನಸಿಗೆ ಬಂದೀರಿ.”

ಅಂಬಪ್ಪನ ಕಣ್ಣು ತುಂಬಿ ಬಂದವು.

“ಆದ್ರ ನೀವು ಹೇಳಿದ ಮಾತು ಬಾಳ ಚಲೋ ಇತ್ರಿ. ಲಿಂಗಸ್ಗೂರಾಗ ಒಂದು ಹುಡುಗ ಮಾಸ್ತರಕಿ ಓದಾಕತ್ತಾನ. ಬರೋ ವರ್ಷ ನೌಕರಿ ಆಗ್ತೈತಂತ. ಒಳಗೊಳಗ ನನಗ ಎರಡು ಮನಸಿತ್ತು. ನಿಮ್ಮ ಬಾಯಿಂದ ಕೇಳಿದ ಮ್ಯಾಲ ಒಂದಾತು.”

ದ್ಯಾವಪ್ಪ ಕೈಚೀಲದ ಬಾಯಿ ಕಟ್ಟಿದ. ತಾನು ಹೇಳಿದ್ದು ಮಿಷಿನ್ನಿನ ಮಾತು, ಮನುಷ್ಯರದ್ದಲ್ಲ ಎನ್ನಲು ಅಂಬಪ್ಪ ಬಾಯಿ ತೆರೆದ. ಸ್ಟೂಲಿನ ಮೇಲೆ ಅಷ್ಟು ಸಲೀಸಾಗಿ ಬಂದ ಮಾತು ಈಗ ಒಂದೂ ಬರಲಿಲ್ಲ. ಬಸ್ಸಿನ ತನಕ ಚೀಲ ಹಿಡಿದುಕೊಂಡು ಹೋಗಿ, ಸೀಟು ಹಿಡಿದು ಕೂಡಿಸಿದ.

ಬಸ್ಸು ಹೊರಡುವಾಗ ದ್ಯಾವಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಬರೋ ವರ್ಷ ಇದಕ್ಕಿಂತ ಚಲೋದು ಯಾವುದೂ ಬರ್ಲಿಲ್ಲಂದ್ರ ಇಲ್ಲಿಗೇ ಬರ್ತೀನ್ರಿ. ನೀವು ಎಲ್ಲಿಗೂ ಹೋಗಂಗಿಲ್ಲಲ್ಲ?”

ಎಲ್ಲಿಗೂ ಹೋಗುವುದಿಲ್ಲ ಎಂದ ಅಂಬಪ್ಪ.