ಪಾಯಿಂಟ್ ಟೂಟೂ ಮತ್ತು ಅಕ್ಕಯ್ಯಮ್ಮನ ಹಂದಿ

ನಂದಕುಮಾರನ ಕಷ್ಟಕ್ಕೆಲ್ಲ ಕಾರಣ ಅವನ ಒಂದು ಒಳ್ಳೆಯ ಗುಣ. ಕೋವಿಯ ಲೈಸೆನ್ಸನ್ನು ರಿನ್ಯೂವಲ್ ಮಾಡಿಸುವುದನ್ನು ಅವನು ಒಂದು ವರ್ಷವೂ ಮರೆತವನಲ್ಲ.

ಅಪ್ಪ ಮುನಿವೆಂಕಟಪ್ಪ ಸಾಯುವಾಗ ಎರಡೂವರೆ ಎಕರೆ ಹೊಲ, ಮನೆಯ ಮುಂದಿನ ಕೋಣೆಯಲ್ಲಿದ್ದ ಹಳ್ಳಿಯ ಅಂಚೆ ಕಚೇರಿ, ಮತ್ತೆ ಚಿಕ್ಕ ಗುಂಡಿನ ಒಂದು ಪಾಯಿಂಟ್ ಟೂಟೂ ರೈಫಲ್ ಬಿಟ್ಟುಹೋಗಿದ್ದರು. ಆ ರೈಫಲ್‌ನಿಂದ ಅಪ್ಪ ಹೊಡೆದದ್ದು ಎರಡೇ ಎರಡು ಪಾರಿವಾಳ. ಊರವರ ಬಾಯಲ್ಲಿ ಅವು ಬೆಳೆದು ಬೆಳೆದು ಒಂದು ಚಿರತೆಯಾಗಿದ್ದವು. ನಂದಕುಮಾರ ಮಾತ್ರ ಏನನ್ನೂ ಹೊಡೆದಿರಲಿಲ್ಲ. ವರ್ಷಕ್ಕೊಮ್ಮೆ ಎಣ್ಣೆ ಒರೆಸಿ, ಅಪ್ಪನ ಹಳೇ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಡುತ್ತಿದ್ದ. ಆಮೇಲೆ ದೊಡ್ಡಬಳ್ಳಾಪುರಕ್ಕೆ ಹೋಗಿ ಸಾಲಿನಲ್ಲಿ ನಿಂತು ಲೈಸೆನ್ಸಿಗೆ ಮೊಹರು ಹಾಕಿಸಿಕೊಂಡು ಬರುತ್ತಿದ್ದ. ಸಂಜೆ ಕಾಲೇಜಿನಲ್ಲಿ ಕಷ್ಟಪಟ್ಟು ಬಿ.ಎ. ಮುಗಿಸಿದ ಮನುಷ್ಯ, ಮೊಹರಿಲ್ಲದ ಕಾಗದ ಮನೆಯಲ್ಲಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಆ ವರ್ಷ ಅಕ್ಕಯ್ಯಮ್ಮನ ಕಡಲೆಕಾಯಿ ಹೊಲಕ್ಕೆ ಒಂದು ಒಂಟಿ ಕಾಡುಹಂದಿ ಬೀಳತೊಡಗಿತು. ತಗಡು ಬಡಿದರೆ ತಾಳ ಕೇಳುವಂತೆ ಕಿವಿ ನಿಮಿರಿಸಿ ತಿನ್ನುತ್ತಿತ್ತು. ಮಂಡಲ ಪಂಚಾಯ್ತಿ ಮೆಂಬರ್ ವೆಂಕಟರಮಣಪ್ಪ ಅರಣ್ಯ ಇಲಾಖೆಗೆ ಅರ್ಜಿ ಹಾಕಿದರು. ಒಂದು ಹಂದಿಯನ್ನು ಏಳು ದಿನದೊಳಗೆ ಹೊಡೆಯಬಹುದೆಂದು ಅನುಮತಿ ಬಂತು. ಊರಿನಲ್ಲಿ ಚಾಲ್ತಿ ಲೈಸೆನ್ಸ್ ಇದ್ದವನು ಒಬ್ಬನೇ ಆದ್ದರಿಂದ ಪತ್ರದಲ್ಲಿ ನಂದಕುಮಾರನ ಹೆಸರಿತ್ತು. ಆ ಪತ್ರಕ್ಕೆ ತಾರೀಖಿನ ಮುದ್ರೆ ಒತ್ತಿ, ಬಿಸಿಲಲ್ಲಿ ನಡೆದು ಹೋಗಿ, ವೆಂಕಟರಮಣಪ್ಪನವರ ಕೈಗೆ ಕೊಟ್ಟವನೂ ನಂದಕುಮಾರನೇ.

ಆರು ದಿನ ಅವನು ಜ್ವರ, ಟಪಾಲು ಚೀಲ, ಅಮಾವಾಸ್ಯೆ ಎಂದು ಕಳೆದ. ಏಳನೆಯ ದಿನ ಭಾನುವಾರ. ಅಂಚೆ ಕಚೇರಿಗೂ ರಜ, ನೆಪಗಳಿಗೂ ರಜ.

ಬೆಳಗ್ಗೆಯಿಂದ ಅವನು ಕೂತಲ್ಲಿ ಕೂರಲಿಲ್ಲ. ಮೂರು ಸಲ ಬೀದಿ ಬಾಗಿಲಿಗೆ ಹೋಗಿ ಬಂದ.

"ಏನ್ರೀ, ಹಂಚಿನ ಮೇಲೆ ಹಾಕಿದ ಕಾಳಿನಂಗೆ ಆಡ್ತಿದ್ದೀರಲ್ಲ?" ಎಂದಳು ಹೆಂಡತಿ ಅನಿತ.

"ನಂಗೆ ಭಯ ಅಲ್ಲ ಕಣೆ. ಗುಂಡು ಚಿಕ್ಕದು. ಹಂದಿ ದೊಡ್ಡದು. ಇದು ಲೆಕ್ಕಾಚಾರದ ವಿಷಯ."

"ಹಂಗಂತ ಅವ್ರಿಗೇ ಹೇಳಿ ಮತ್ತೆ."

ನಂದಕುಮಾರ ನಿಂತುಬಿಟ್ಟ. ಹೌದಲ್ಲ! ಆ ಗುಂಡಿನಿಂದ ಹಂದಿ ಸಾಯುವುದಿಲ್ಲವೆಂದು ಊರೇ ಒಪ್ಪಿಕೊಂಡುಬಿಟ್ಟರೆ ಅವನು ಮರ್ಯಾದೆಯಿಂದ ಪಾರಾಗಬಹುದು. ಅಪ್ಪನ ಚಿರತೆಯ ಹೆಸರೂ ಉಳಿಯುತ್ತದೆ, ಹಂದಿಯ ಕೋರೆಯಿಂದ ತನ್ನ ತೊಡೆಯೂ ಉಳಿಯುತ್ತದೆ. ಬಿ.ಎ.ಯಲ್ಲಿ ತರ್ಕಶಾಸ್ತ್ರದ ಪೇಪರ್ ಬೇರೆ ಇತ್ತು. ಮೂವತ್ತೆಂಟು ಅಂಕ ಬಂದಿತ್ತು. ಒಂದು ಗುಂಡನ್ನು ಜೇಬಿಗೆ ಹಾಕಿಕೊಂಡು ಟೀ ಅಂಗಡಿಗೆ ಹೊರಟ.

ಅಂಗಡಿಯ ಬೆಂಚಿನ ಮೇಲೆ ವೆಂಕಟರಮಣಪ್ಪ, ಅಕ್ಕಯ್ಯಮ್ಮ, ಮಿಲಿಟ್ರಿಯಿಂದ ರಿಟೈರಾದ ಚಿಕ್ಕಬೀರಪ್ಪ ಆಗಲೇ ಕಾಯುತ್ತಿದ್ದರು. ನಂದಕುಮಾರ ಗುಂಡನ್ನು ತೆಗೆದು ಬೆಂಚಿನ ಮೇಲೆ ನಿಲ್ಲಿಸಿದ. ಕಡ್ಡಿಪೆಟ್ಟಿಗೆಯ ಪಕ್ಕದಲ್ಲಿ ಅದು ಕಾಣಿಸಲೇ ಇಲ್ಲ.

"ಇದ್ಯಾವ್ದು ಸಾಮಿ, ಗುಂಡಿನ ಮರೀನಾ?" ಎಂದಳು ಅಕ್ಕಯ್ಯಮ್ಮ. "ನನ್ನ ಹೊಲ್ದಾಗೆ ಇದು ಬಿದ್ರೆ ಹಂದಿ ಕಡ್ಲೆಕಾಯಿ ಅಂತ ತಿಂದ್ಬಿಡ್ತದೆ!"

ನಂದಕುಮಾರನಿಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. "ಅದನ್ನೇ ನಾನೂ ಹೇಳ್ತಿರೋದು ಅಕ್ಕಯ್ಯಮ್ಮ! ಹಂದಿ ಭುಜದ ಚರ್ಮ ಎತ್ತಿನಗಾಡಿ ಟೈರಿನಂಗೆ ಇರುತ್ತೆ. ಇದು ಪಾರಿವಾಳದ ಗುಂಡು. ನೂರಡಿ ದೂರದಿಂದ ಹೊಡೆದ್ರೆ ಹಂದಿಗೆ ಸೊಳ್ಳೆ ಕಚ್ಚಿದಂಗೆ ಆಗುತ್ತೆ ಅಷ್ಟೆ."

ಚಿಕ್ಕಬೀರಪ್ಪ ಮೀಸೆ ಸವರಿದ. "ನೂರಡಿಯಿಂದ ಯಾಕ್ಲಾ ಹೊಡೀತೀಯ? ಐವತ್ತಡಿಗೆ ಹೋಗು. ಐವತ್ತಡಿಯಾಗೆ ಹೊಂಗೆ ಮರ ಐತೆ. ಮೇಲೆ ಕೂತ್ಕೊಂಡು ಕಿವಿ ಹಿಂದಕ್ಕೆ ಮಡಗು ಒಂದು. ಗುಂಡು ಚಿಕ್ಕದಾದ್ರೇನು ಗುರು, ಜಾಗ ಮುಖ್ಯ."

"ಐವತ್ತಡಿಗೂ ಜೋರು ಸಾಲದು ಬೀರಪ್ಪಣ್ಣ."

"ಹಂಗಾದ್ರೆ ಇಪ್ಪತ್ತೈದು. ಬದುವಿನ ಹಿಂದೆ ಮಲಕ್ಕೊ."

ವಾದ ಗೆಲ್ಲುತ್ತಿದೆ, ಹಂದಿ ಮಾತ್ರ ಹತ್ತಿರ ಬರುತ್ತಿದೆ. ಪುರಾವೆಯಿಲ್ಲದೆ ಮಾತಾಡಿದ್ದೇ ತಪ್ಪಾಯಿತೆಂದು ನಂದಕುಮಾರ ಮನೆಗೆ ಓಡಿ ಗುಂಡಿನ ಡಬ್ಬಿ ತಂದ. ಅದರ ಮೇಲೆ ಕಂಪನಿಯವರೇ ಏನಾದರೂ ಬರೆದಿರಬೇಕು. ವೆಂಕಟರಮಣಪ್ಪ ಡಬ್ಬಿಯನ್ನು ಇಸಿದುಕೊಂಡು, ಕನ್ನಡಕ ಏರಿಸಿ, ಇಂಗ್ಲಿಷಿನಲ್ಲಿದ್ದದ್ದನ್ನು ಕೂಡಿಸಿ ಕೂಡಿಸಿ ಓದಿದರು. "ಒಂದು ಮೈಲಿಯೊಳಗೆ ಅಪಾಯ ಅಂತ ಬರೆದವ್ರಲ್ರೀ ಪೋಸ್ಟ್ ಮಾಸ್ಟ್ರೇ!"

"ಒಂದ್ ಮೈಲಿ!" ಎಂದು ಚಿಕ್ಕಬೀರಪ್ಪ ತೊಡೆ ತಟ್ಟಿದ. "ಮೈಲಿ ಹೋಗೋ ಗುಂಡು ಇಪ್ಪತ್ತೈದಡಿ ಹೋಗಲ್ವ?"

"ಅದು ಮನುಷ್ಯರಿಗೆ ಅಪಾಯ ಅಂತ ಅಣ್ಣ. ಹಂದಿಗಲ್ಲ."

"ಹಂದಿಗೆ ಇಂಗ್ಲಿಷ್ ಬರಲ್ಲ ಬಿಡು."

ಇಡೀ ಅಂಗಡಿ ನಕ್ಕಿತು. ಹೀಗೆ ಮಾತಿನಲ್ಲಿ ತೀರ್ಮಾನವಾಗುವುದಿಲ್ಲ, ಪರೀಕ್ಷೆ ಮಾಡಿಯೇ ನೋಡೋಣ ಎಂದರು ವೆಂಕಟರಮಣಪ್ಪ. ಹಂದಿಯ ತಲೆಯಷ್ಟು ಗಾತ್ರದ್ದು ಏನಿದೆ ಎಂದು ಎಲ್ಲರೂ ಸುತ್ತ ನೋಡಿದರು. ಅಕ್ಕಯ್ಯಮ್ಮನ ಹಿತ್ತಲ ಚಪ್ಪರದಲ್ಲಿ ಬೂದುಗುಂಬಳಕಾಯಿ ತೂಗುತ್ತಿತ್ತು.

"ಅಯ್ಯಯ್ಯೋ, ಅದು ಮಾರ್ನಾಮಿ ಹಬ್ಬಕ್ಕೆ ಉಳಿಸಿದ್ದು!" ಎಂದು ಅವಳು ಕೂಗುತ್ತಿದ್ದಂತೆಯೇ ಕಾಯನ್ನು ಕಲ್ಲಿನ ಮೇಲಿಟ್ಟಾಗಿತ್ತು.

ನಂದಕುಮಾರ ಮನೆಯಿಂದ ರೈಫಲ್ ತಂದು ಐವತ್ತಡಿಯಲ್ಲಿ ನಿಂತ. ಊರಿನ ಅರ್ಧ ಜನ ಅವನ ಬೆನ್ನ ಹಿಂದೆ, ಉಳಿದರ್ಧ ಗೋಡೆಗಳ ಹಿಂದೆ. ಅವನು ಕಣ್ಣು ಮುಚ್ಚಿ ಕೋವಿಯ ಕುದುರೆ ಎಳೆದ. ಬೆಂಕಿಕಡ್ಡಿ ಮುರಿದಂತೆ ಟಪ್ ಎಂದಿತು. ಕುಂಬಳಕಾಯಿ ಧ್ಯಾನದಲ್ಲಿ ಕೂತಿತ್ತು.

"ನೋಡಿದ್ರಾ?" ಎಂದ ಸಂತೋಷದಿಂದ. "ಏನೂ ಆಗ್ಲಿಲ್ಲ!"

"ಗುರಿ ತಪ್ಪಿದ್ದಪ್ಪಾ ಅದು. ಮುಂದಕ್ಕೆ ಬಾ."

ಇಪ್ಪತ್ತೈದಡಿಯಲ್ಲೂ ಕಾಯಿ ಅಲುಗಲಿಲ್ಲ. ಹತ್ತಡಿಗೆ ಬಂದಾಗ ತಪ್ಪುವುದಕ್ಕೆ ಜಾಗವೇ ಉಳಿಯಲಿಲ್ಲ. ಬೂದಿ ಮೆತ್ತಿದ ಸಿಪ್ಪೆಯ ಮೇಲೆ ದಬ್ಬಳದಿಂದ ಚುಚ್ಚಿದಂಥ ತೂತು ಬಿತ್ತು. ಹೆಚ್ಚಿ ನೋಡಿದರೆ ತಿರುಳಿನ ನಡುವೆ ಗುಂಡು ಹಾಯಾಗಿ ಮಲಗಿತ್ತು.

"ಕುಂಬಳಕಾಯೀನೇ ದಾಟಲಿಲ್ಲ!" ನಂದಕುಮಾರ ಕೈಯೆತ್ತಿ ಕೂಗಿದ. "ಇನ್ನು ಹಂದಿ ಬುರುಡೆ ದಾಟುತ್ತಾ? ನೀವೇ ಹೇಳಿ!"

ವಾದ ಗೆದ್ದೆನೆಂದು ಅವನ ಎದೆ ಹಗುರಾಯಿತು. ಅಷ್ಟರಲ್ಲಿ ಚಿಕ್ಕಬೀರಪ್ಪ ಗಂಭೀರವಾಗಿ ತಲೆಯಾಡಿಸಿದ.

"ಮಾಸ್ಟ್ರು ಹೇಳೋದು ನಿಜ. ಹತ್ತಡಿ ದೂರ ಆಯ್ತು. ಆರಡಿಗೆ ಹೋಗ್ಬೇಕು. ಹಂದಿ ಬರೋ ಜಾಡಿನ ಪಕ್ಕದಲ್ಲೇ ಗುಣಿ ತೋಡಿ ಒಳಗೆ ಕೂರಿಸಿದ್ರೆ ಸರಿ. ಹಂದಿ ಬತ್ತದೆ, ಮಾಸ್ಟ್ರು ನಳಿಗೆ ಕಿವೀಗೆ ಇಡ್ತಾರೆ, ಕಥೆ ಮುಗೀತು."

"ಯಾರ ಕಥೆ?" ಎಂದ ನಂದಕುಮಾರ. ಯಾರಿಗೂ ಕೇಳಿಸಲಿಲ್ಲ. ನಾಲ್ಕು ಜನ ಆಗಲೇ ಗುದ್ದಲಿ, ಪಿಕಾಸಿ ಹುಡುಕಿಕೊಂಡು ಹೊರಟಿದ್ದರು.

ಹನ್ನೆರಡು ಗಂಟೆಗೆ ಗುಣಿ ಸೊಂಟದ ಆಳಕ್ಕೆ ಬಂತು. ನಂದಕುಮಾರ ಹೊಲಕ್ಕೆ ಹೋಗಿ ನೋಡಿದ, ಮನೆಗೆ ಬಂದ, ಮತ್ತೆ ಹೋಗಿ ನೋಡಿದ. ಪ್ರತಿ ಸಲವೂ ಅದು ಇನ್ನಷ್ಟು ಅವನ ಅಳತೆಗೆ ಬರುತ್ತಿತ್ತು. ಅನಿತ ಬಡಿಸಿದ ಮುದ್ದೆಯನ್ನು ಮುರಿದು ಮುರಿದು ಹಾಗೇ ಇಟ್ಟ. ನಿಜ ಹೇಳಿಬಿಡಲೇ? ಹೆದರಿಕೆ ಎಂದುಬಿಡಲೇ? ಆದರೆ ಅಕ್ಕಯ್ಯಮ್ಮನಿಗಿದ್ದದ್ದು ಆ ಒಂದೇ ಹೊಲ. ಚಿಕ್ಕವನಿದ್ದಾಗ ಇದೇ ಹೊಲದ ಹಸಿ ಕಡಲೆಕಾಯಿ ಬೇಯಿಸಿ ಅವಳು ಅವನ ಜೇಬು ತುಂಬಿಸುತ್ತಿದ್ದಳು. ಅವನ ಮನಸ್ಸಾಕ್ಷಿ ಹಂದಿಗಿಂತ ಜೋರಾಗಿ ತಿವಿಯಿತು.

"ಅಲ್ಲಾರೀ, ಚಿಕ್ಕ ಗುಂಡು ಸಾಲ್ದು ಅಂದ್ರೆ ದೊಡ್ಡ ಗುಂಡು ತರ್ಸಿ," ಎಂದಳು ಅನಿತ. "ಇಲ್ಲೇ ಪಕ್ಕದ ತಾಲ್ಲೂಕಿನ ವಿಜಯಪುರದ ನಮ್ಮ ದೊಡ್ಡಮುನಿಯಪ್ಪ ಮಾವನ ಹತ್ರ ಜೋಡಿ ನಳಿಗೆ ಕೋವಿ ಇಲ್ವಾ? ಲೈಸೆನ್ಸೂ ಅವ್ರದ್ದೇ. ಅವ್ರೇ ಬಂದು ಹೊಡೀತಾರೆ."

ನಂದಕುಮಾರ ಕೈ ತೊಳೆಯದೆ ಸೈಕಲ್ ಹತ್ತಿದ. ಫೋನ್ ಇದ್ದ ದೊಡ್ಡಬೆಳವಂಗಲಕ್ಕೆ ಹೋಗಿ, ವಿಜಯಪುರದಲ್ಲಿ ರೇಷ್ಮೆ ನೂಲು ಹುರಿ ಮಾಡುವ ಮಿಷನ್ ಮನೆಯೊಂದಕ್ಕೆ ಫೋನ್ ಮಾಡಿ, ಪಕ್ಕದ ಮನೆಯ ಮಾವನನ್ನು ಕರೆಸಿ, ಮಿಷನ್ನಿನ ಗಲಾಟೆಗಿಂತ ಜೋರಾಗಿ ಕಿರುಚಿ ವಿಷಯ ಹೇಳಿದ.

"ಹಂದೀನಾ?" ಅತ್ತಲಿಂದ ಮುದುಕರ ದನಿ ಇಪ್ಪತ್ತು ವರ್ಷ ಚಿಕ್ಕದಾಯಿತು. "ಈಗ್ಲೇ ಬಸ್ ಹತ್ತುತೀನಿ ಅಳಿಯಂದ್ರೇ!"

ಐದು ಗಂಟೆಯ ಬಸ್ಸಿನಿಂದ ದೊಡ್ಡಮುನಿಯಪ್ಪ ಇಳಿದರು. ಎಪ್ಪತ್ತು ದಾಟಿದ ಒಣಗಿದ ಮೈ, ಹೆಗಲ ಮೇಲೆ ಗೋಣಿಯಲ್ಲಿ ಸುತ್ತಿದ ಕೋವಿ. ನಂದಕುಮಾರ ಓಡಿಹೋಗಿ ಕಾಲಿಗೆ ಬಿದ್ದ. ಅವರು ಪಕ್ಕದಲ್ಲಿ ನಿಂತಿದ್ದ ಚಿಕ್ಕಬೀರಪ್ಪನ ತಲೆಯ ಮೇಲೆ ಕೈಯಿಟ್ಟು, "ಚೆನ್ನಾಗಿರಿ ಅಳಿಯಂದ್ರೇ, ಸ್ವಲ್ಪ ದಪ್ಪ ಆಗಿದ್ದೀರಿ" ಎಂದರು.

ಟೀ ಅಂಗಡಿಯಲ್ಲಿ ಗೋಣಿ ಬಿಚ್ಚಿದರು. ಕೋವಿಗೆ ತುಂಬುವ ತೋಟಾ ಒಂದೊಂದೂ ಹೆಬ್ಬೆರಳಿಗಿಂತ ದಪ್ಪ. ಬೆಂಚಿನ ಮೇಲೆ ಅದರ ಪಕ್ಕ ಪಾಯಿಂಟ್ ಟೂಟೂ ಗುಂಡನ್ನಿಟ್ಟಾಗ ಆನೆಯ ಪಕ್ಕ ಇರುವೆ ನಿಂತಂತಾಯಿತು. ಚಿಕ್ಕಬೀರಪ್ಪನೂ ಸೋತು ಕೈಮುಗಿದ. "ಒಪ್ಪಿದೆ ಕಣಪ್ಪಾ. ಚಿಕ್ಕ ಗುಂಡು ಹಂದಿಗೆ ಆಗಲ್ಲ."

ಬೆಳಗ್ಗೆಯಿಂದ ಮೊದಲ ಸಲ ನಂದಕುಮಾರ ಬೆಂಚಿಗೆ ಬೆನ್ನು ಒರಗಿಸಿ ಕೂತ. ಒಂದು ಟೀಗೂ ಹೇಳಿದ. ಟೀ ಬರುವಷ್ಟರಲ್ಲಿ ದೊಡ್ಡಮುನಿಯಪ್ಪ ಕೇಳಿದರು: "ಸರಿ, ಬೆಳಕು ಹಿಡಿಯೋರು ಯಾರು?"

"ಬೆಳಕು?" ಎಂದರು ವೆಂಕಟರಮಣಪ್ಪ.

"ನಮ್ಮ ಕಡೆ ಕ್ರಮ ಅದು. ಕೋವಿಯವನು ಮರದ ಮೇಲೆ, ಟಾರ್ಚಿನವನು ಕೆಳಗೆ, ಹಂದಿ ಪಕ್ಕದಲ್ಲಿ. ಪೆಟ್ಟಾದ ಹಂದಿ ನೇರ ಬೆಳಕಿನ ಮೇಲೇ ನುಗ್ಗುತ್ತೆ. ಅದಕ್ಕೇ ಬೆಳಕು ಬೇರೆಯವ್ರ ಕೈಲಿರ್ಬೇಕು."

ವೆಂಕಟರಮಣಪ್ಪ ಜೇಬಿನಿಂದ ಇಲಾಖೆಯ ಪತ್ರ ತೆಗೆದು ಇನ್ನೊಮ್ಮೆ ಓದಿದರು. "'ನಂದಕುಮಾರ್ ಇವರ ಸಮ್ಮುಖದಲ್ಲಿ' ಅಂತ ಐತೆ. ಪೋಸ್ಟ್ ಮಾಸ್ಟ್ರೇ ಎದುರಿಗೆ ಇರಲೇಬೇಕಲ್ಲ!"

"ಗುಣಿ ತೋಡಿದ್ದು ದಂಡ ಆಗ್ಲಿಲ್ಲ ಗುರು!" ಎಂದ ಚಿಕ್ಕಬೀರಪ್ಪ.

ನಂದಕುಮಾರ ಟೀ ಲೋಟವನ್ನು ಕೆಳಗಿಟ್ಟ. "ಹಂಗಾದ್ರೆ... ನನ್ನ ರೈಫಲ್ಲೂ ಜೊತೆಗೆ ಇಟ್ಕೋತೀನಿ."

"ಆಗಲ್ರೀ. 'ಒಂದೇ ಕೋವಿ' ಅಂತ ಕೆಳಗೆ ಗೆರೆ ಎಳೆದವ್ರೆ. ಅಲ್ದೆ ಅದ್ರಿಂದ ಏನೂ ಆಗಲ್ಲ ಅಂತ ಬೆಳಗ್ಗೆಯಿಂದ ನೀವೇ ಅಲ್ವಾ ಹೇಳ್ತಿರೋದು?"

ತರ್ಕಶಾಸ್ತ್ರದಲ್ಲಿ ಮೂವತ್ತೆಂಟು ತೆಗೆದವನು ಟೀಯನ್ನು ಅಲ್ಲೇ ಬಿಟ್ಟು ಎದ್ದ.

ಮುಸ್ಸಂಜೆಯ ಹೊತ್ತಿಗೆ ಅವನು ಗುಣಿಯಲ್ಲಿದ್ದ. ಕೈಯಲ್ಲಿ ಮೂರು ಸೆಲ್ಲಿನ ಟಾರ್ಚು, ಎದೆಯಲ್ಲಿ ಮಗ್ಗದ ಸದ್ದು. ಊರವರು ಇನ್ನೂರಡಿ ಹಿಂದೆ ಬದುವಿನ ಮೇಲೆ ಸಾಲಾಗಿ ಕೂತಿದ್ದರು. ಪಾಯಿಂಟ್ ಟೂಟೂ ಮನೆಯಲ್ಲಿ, ಅಪ್ಪನ ಪಂಚೆಯೊಳಗೆ ಬೆಚ್ಚಗೆ ಮಲಗಿತ್ತು. ಅದು ಎಂಥ ಒಳ್ಳೆಯ ರೈಫಲ್ ಎಂದು ಅವನಿಗೆ ಈಗ ಅನ್ನಿಸುತ್ತಿತ್ತು. ಆರಡಿಯಿಂದ ಅದು ಹಂದಿಯೇನು, ಎಮ್ಮೆಯನ್ನೂ ಕೆಡವೀತು.

ಪೊದೆ ಸರಸರ ಅಂದಿತು. ಏನೋ ಮೂಸಿ ಉಸಿರು ಬಿಟ್ಟಿತು. ನಂದಕುಮಾರ ಟಾರ್ಚು ಒತ್ತಿದ.

ಹೊಂಗೆ ಮರದ ಮೇಲಿಂದ ದೊಡ್ಡಮುನಿಯಪ್ಪನವರ ಪ್ರೀತಿಯ ದನಿ ಮೆಲ್ಲಗೆ ತೇಲಿಬಂತು:

"ಹೆದರ್ಬೇಡಿ ಅಳಿಯಂದ್ರೇ. ಎರಡು ಕಣ್ಣಿಗೂ ಪೊರೆ ಬಂದ್ಮೇಲೆ ನಂಗೆ ಹಂದಿ ಗಿಂದಿ ಕಾಣಲ್ಲ, ಆದ್ರೆ ಬೆಳಕು ಭೇಷಾಗಿ ಕಾಣುತ್ತೆ. ಬೆಳಕು ಎಲ್ಲಿದೆಯೋ ಅಲ್ಲಿಗೇ ಹೊಡೀತೀನಿ. ನೀವು ಮಾತ್ರ ಅಲ್ಲಾಡ್ಬೇಡಿ."