ಲೀಫ್ ಅಂದರೆ ಯಾವ ಲೀಫು?

ಟೀ ತೋಟಗಳ ನಮ್ಮ ಕಟ್ಟಬೆಟ್ಟಿನಲ್ಲಿ ಹಳೆ ಕಾರು ರಿಪೇರಿ ಮಾಡುವವನಿಗೆ ನೆಮ್ಮದಿ ಅಂತ ಇಲ್ಲ. ಕಳೆದ ತಿಂಗಳಂತೂ ಒಂದೇ ಕಾರು ನನಗೆ ಸಾಕುಸಾಕು ಮಾಡಿತು.

ಕಿವಿ ಮಂದ

ಪಕ್ಕದ ಹಟ್ಟಿಯ ಅಜ್ಜ ತಮ್ಮ ಅಪ್ಪನ ಕಾಲದ ಕಾರು ತಂದರು. ಮೊಮ್ಮಗಳ ಮದುವೆ. ಅಜ್ಜಿ ಮದುವಣಗಿತ್ತಿಯಾಗಿ ಬಂದ ಕಾರಿನಲ್ಲೇ ತಾನೂ ಗಂಡಿನ ಹಟ್ಟಿಗೆ ಹೋಗಬೇಕೆಂದು ಹುಡುಗಿಯ ಹಟ. ಅಜ್ಜಿ ಈಗಿಲ್ಲ. ಆಗಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ಮುಂದಿನ ಎರಡೂ ಚಕ್ರಕ್ಕೆ ಸೇರಿ ಒಂದೇ ಕಬ್ಬಿಣದ ಅಚ್ಚು. ಎಡಚಕ್ರ ಗುಂಡಿಗೆ ಬಿದ್ದರೆ ಬಲಚಕ್ರವೂ ವಾಲುತ್ತದೆ. ಸ್ಟಿಯರಿಂಗ್ ಕಾಲು ಸುತ್ತು ತಿರುಗಿದ ಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತದೆ.

"ಇದನ್ನ ಹೇಗೆ ಓಡಿಸಿದಿರಿ ಅಜ್ಜಾ?"

"ಒಂದು ಸಲ ಕೂಗಿದರೆ ಎನಗೇ ಕೇಳೋದಿಲ್ಲ. ಎನಗಿಂತ ವಯಸ್ಸಾದ ಕಾರಿಗೆ ಕೇಳುತ್ತಾ?"

ಒಂದು ಮೂಟೆ

ಅಚ್ಚಿನ ಮೇಲಿನ ಸ್ಪ್ರಿಂಗು ಅಂದರೆ ಉಕ್ಕಿನ ಪಟ್ಟಿಗಳ ಕಟ್ಟು. ಆ ಪಟ್ಟಿಗೆ ನಮ್ಮ ಕಸುಬಿನಲ್ಲಿ ಲೀಫ್ ಅಂತಾರೆ. ಅದೇ ಮುರಿದಿತ್ತು. ಹಳೆ ಪಟ್ಟಿಗಳು ಅಟ್ಟದಲ್ಲಿವೆ ಎಂದು ಅಜ್ಜನೇ ಹೇಳಿದ್ದರಿಂದ ಫೋನ್ ಮಾಡಿದೆ. "ಲೀಫ್ ಬೇಕು ಅಜ್ಜಾ, ಬೇಗ ಕಳಿಸಿ."

ಜೀಪಿನಲ್ಲಿ ಬಂತು, ಒಂದು ಮೂಟೆ ಹಸಿ ಟೀ ಎಲೆ! ನಮ್ಮ ಕಡೆ ಟೀ ಎಲೆಗೂ ಲೀಫ್ ಅಂತಲೇ ಹೆಸರು. ನನಗೆ ತಲೆ ಕೆಟ್ಟಿತು.

"ಕಾರಿನ ಲೀಫ್ ಅಜ್ಜಾ, ಕಾರಿನ ಲೀಫ್!"

"ಕಾರಿನಲ್ಲೇ ಕಳಿಸ್ತಿದ್ದೆ. ಕಾರು ನಿನ್ನ ಹತ್ತಿರ ಇದೆಯಲ್ಲಪ್ಪ, ಅದಕ್ಕೇ ಜೀಪು."

ಮೊದಲೇ ತಿರುಗಿಸಿ

ಕೊನೆಗೆ ನಾನೇ ಅಟ್ಟ ಹತ್ತಿ ಪಟ್ಟಿ ಇಳಿಸಿ ತಂದು ಹಾಕಿದೆ. ಸ್ಟಿಯರಿಂಗ್ ಬಿಗಿ ಮಾಡಿದರೂ ಸ್ವಲ್ಪ ಸಡಿಲ ಉಳಿಯಿತು. ಓಡಿಸಿ ನೋಡಲು ಇಬ್ಬರೂ ಹೊರಟಾಗ, "ತಿರುವಿಗೆ ಮೊದಲೇ ತಿರುಗಿಸಿ" ಎಂದೆ. ಅಜ್ಜ ಎಷ್ಟು ಮೊದಲು ತಿರುಗಿಸಿದರೆಂದರೆ, ಸೀದಾ ಪಕ್ಕದವರ ಟೀ ತೋಟಕ್ಕೆ ನುಗ್ಗಿದೆವು.

ತೋಟದವರು ಓಡಿಬಂದರು. "ಅಯ್ಯೋ, ಲೀಫ್ ಎಲ್ಲಾ ಹೋಯ್ತು!"

ನಾನು ತಕ್ಷಣ ಕಾರಿನಡಿ ತೂರಿ ನೋಡಿ ಖುಷಿಯಿಂದ ಕೂಗಿದೆ, "ಏನೂ ಆಗಿಲ್ಲ ಬಿಡಿ!"

ಅವರು ಕೋಲು ಹುಡುಕತೊಡಗಿದರು.

ಮದುವೆಯ ದಿನ

ಮೊಮ್ಮಗಳು ಅಜ್ಜನ ಕೈಯಿಂದ ಕೀಲಿ ಕಿತ್ತುಕೊಂಡು ತಾನೇ ಓಡಿಸಿದಳು. ನಾನು ಪಾನಾ ಹಿಡಿದು ಅಜ್ಜನ ಜೊತೆ ಹಿಂದೆ ಕೂತೆ. ಗಂಡಿನ ಹಟ್ಟಿಯ ಹತ್ತಿರ ಚಕ್ರ ಗುಂಡಿಗೆ ಬಿದ್ದು ಢಬ್ ಅಂದಿತು. ಆದರೂ ಕಾರು ಬಾಗಿಲು ಮುಟ್ಟಿತು. ಅಜ್ಜ ಕಣ್ಣೊರೆಸಿಕೊಂಡರು. ನಾನು ಕಾರಿನಡಿ ನುಗ್ಗಿದೆ.

ಎದುರುಗೊಳ್ಳಲು ನಿಂತ ಮಾವನ ಮುಂದೆಯೇ ಮದುವಣಗಿತ್ತಿ ಗಾಬರಿಯಿಂದ ನನ್ನನ್ನು ಕೇಳಿದಳು, "ಲೀಫ್ ಹೇಗಿದೆ?"

ಮಾವ ಅರಳಿದರು. "ನೋಡಿದಿರಾ! ಒಳಗೆ ಕಾಲಿಡೋ ಮೊದಲೇ ನಂಗ ಮನೆಯ ಟೀ ತೋಟ ವಿಚಾರಿಸ್ತಾಳೆ!"

"ಮುರಿದಿಲ್ಲ!" ಎಂದೆ ನಾನು ಕಾರಿನಡಿಯಿಂದ.

ಮಾವ ಬಗ್ಗಿ ನನ್ನ ಮುಖ ನೋಡಿದರು. "ಲೀಫನ್ನ ಯಾರಾದರೂ ಮುರೀತಾರೇನಪ್ಪಾ? ಚಿವುಟಬೇಕು."