ಕ್ಯಾಪ್ಟನ್ ಎದೆಯ ತೂತು

ಆ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇದ್ದದ್ದು ಒಂದೇ ನಿಯಮ. ಬಟ್ಟೆಯನ್ನು ಕೌಂಟರಿನ ಮೇಲೆ ಹರಡಿ, ಇರುವ ಕಲೆ, ಹರುಕು, ತೂತುಗಳನ್ನೆಲ್ಲ ಗಿರಾಕಿಯ ಎದುರಿಗೇ ಚೀಟಿಯಲ್ಲಿ ಬರೆದುಕೊಳ್ಳಬೇಕು. ಚೀಟಿಯಲ್ಲಿಲ್ಲದ ತೂತು ಗುಮಾಸ್ತನ ತಲೆಗೆ. ಗುಮಾಸ್ತ ಹನ್ನೊಂದು ವರ್ಷದಲ್ಲಿ ಒಂದು ಸಡಿಲ ಗುಂಡಿಯನ್ನೂ ಬಿಟ್ಟವನಲ್ಲ. ಇವತ್ತು ಬೆಳಿಗ್ಗೆ ಬಿಟ್ಟ.

ಬಿಡದೆ ಏನು ಮಾಡಿಯಾನು? ಚೀಲದಿಂದ ಹೊರಬಂದದ್ದು ‘ಏಳನೇ ಕಕ್ಷೆ’ಯ ಕ್ಯಾಪ್ಟನ್ನನ ನೀಲಿ ಕೋಟು! ಇಪ್ಪತ್ತು ವರ್ಷದ ಹಿಂದೆ ಆ ಧಾರಾವಾಹಿ ಅರ್ಧಕ್ಕೇ ನಿಂತುಹೋದಾಗ ಕ್ಯಾಪ್ಟನ್ ಬಾಹ್ಯಾಕಾಶದಲ್ಲಿ ಸಿಕ್ಕಿಹಾಕಿಕೊಂಡು ತನ್ನದೇ ನೌಕೆಯ ಬಾಗಿಲು ಬಡಿಯುತ್ತಿದ್ದ. ಗುಮಾಸ್ತನಿಗೆ ಆಗ ಹದಿನಾಲ್ಕು ವರ್ಷ. ಈಗ ಹೊಸ ನಟರನ್ನು ಹಾಕಿ ಅದೇ ಕಥೆಯನ್ನು ಮೊದಲಿನಿಂದ ತೆಗೆದವರೂ ಮೊದಲ ಭಾಗವನ್ನು ತಂದು ಅದೇ ಬಾಗಿಲಲ್ಲಿ ನಿಲ್ಲಿಸಿದ್ದರು. ಗುಮಾಸ್ತನಿಗೆ ಮದುವೆಯಾಗಿ, ಮಗಳು ಶಾಲೆಗೆ ಸೇರಿದರೂ ಆ ಬಾಗಿಲು ಮಾತ್ರ ತೆರೆದಿರಲಿಲ್ಲ.

“ಎರಡನೇ ಭಾಗದ ಶೂಟಿಂಗಿಗೆ. ನಾಲ್ಕು ಗಂಟೆಗೆ ಬೇಕು,” ಎಂದರು ಉಡುಪು ವಿಭಾಗದ ಮೇಡಂ.

ಗುಮಾಸ್ತ ಕೋಟನ್ನು ಹರಡುವುದನ್ನೇ ಮರೆತು ಎದೆಗೊತ್ತಿಕೊಂಡ. ಚೀಟಿಯಲ್ಲಿ ‘ಕೋಟು ಒಂದು’ ಎಂದಷ್ಟೇ ಬಿತ್ತು.

ಹನ್ನೊಂದಕ್ಕೆ ಕೋಟು ಶುಚಿಯಾಗಿ, ಇಸ್ತ್ರಿಯಾಗಿ ಬಂತು. ಎಡ ಎದೆಯಲ್ಲಿ ಗುಂಡಿಯಷ್ಟು ಅಗಲದ ಸುಟ್ಟ ತೂತು.

“ಅಕ್ಕಾ, ಇದು ಮೊದಲೇ ಇತ್ತಾ?”

ಇಸ್ತ್ರಿ ಅಕ್ಕ ಹಬೆಯ ಮರೆಯಿಂದ ಈಚೆ ಬರಲಿಲ್ಲ. “ನಂಗೇನು ಗೊತ್ತಪ್ಪಾ? ಚೀಟಿ ಬರೆಯೋನು ನೀನು. ಟೀವಿಯೋರ ಬಟ್ಟೆ, ಗುಂಡು ಗಿಂಡು ಬಿದ್ದಿರ್ಬೇಕು.”

ಗುಂಡು! ಗುಮಾಸ್ತ ಒಗೆಯದ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತ. ಕೆಲಸ ಹೋಗುವ ಭಯವನ್ನು ಪಕ್ಕಕ್ಕೆ ತಳ್ಳಿ ಅದಕ್ಕಿಂತ ದೊಡ್ಡದೊಂದು ಎದ್ದು ನಿಂತಿತು. ಬಾಗಿಲು ತೆಗೆಯುವುದಿರಲಿ, ಇವರು ಕ್ಯಾಪ್ಟನ್ನನ್ನು ಕೊಲ್ಲುತ್ತಾರೆ!

ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ಪಕ್ಕದ ಕ್ಷೌರದಂಗಡಿಯವನೊಬ್ಬನಿಗೇ ಕೋಟು ತೋರಿಸಿ ಹೇಳಿದ. ಅವನಿಗೆ ಕ್ಯಾಪ್ಟನ್ ಕಂಡರೆ ಅಷ್ಟಕ್ಕಷ್ಟೆ. ಅವನದು ನೌಕೆಯ ರೋಬೋ ಪಕ್ಷ.

“ಯಾರಿಗೂ ಹೇಳ್ಬೇಡ ಮಾರಾಯಾ.”

“ನನ್ನ ಕತ್ತರಿ ಮೇಲಾಣೆ ಗುರೂ,” ಎಂದವನು ಕೋಟಿನ ಫೋಟೋ ತೆಗೆದ. ಗಿರಾಕಿಯ ಅರ್ಧ ಗಡ್ಡ ಮುಗಿಯುವಷ್ಟರಲ್ಲಿ ಅದು ನಾಲ್ಕು ಸಾವಿರ ಅಭಿಮಾನಿಗಳ ಗುಂಪಿನಲ್ಲಿತ್ತು. ಉಳಿದರ್ಧ ಗಡ್ಡದೊಂದಿಗೆ ಆ ಗಿರಾಕಿಯೇ ಮೊದಲು ಓಡಿಬಂದ.

ಹನ್ನೆರಡಕ್ಕೆ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ.

“ತೂತು ಒಳಗಡೆಯಿಂದ ಸುಟ್ಟಿದೆ ನೋಡ್ರೀ. ಕ್ಯಾಪ್ಟನ್ನೇ ರೋಬೋ. ವೈರ್ ಶಾರ್ಟ್ ಆಗಿದೆ!” ಎಂದ ಎಲೆಕ್ಟ್ರಿಷಿಯನ್.

“ಇದು ಕ್ಯಾಪ್ಟನ್ ಕೋಟೇ ಅಲ್ಲ, ಅವನ ಅವಳಿ ತಮ್ಮಂದು,” ಎಂದ ಅರ್ಧ ಗಡ್ಡದವನು.

“ಯಾರದ್ದಾದ್ರೇನು? ಸತ್ತ ಅಂತ ಲೆಕ್ಕ,” ಎಂದ ಕ್ಷೌರದಂಗಡಿಯವನು, ಸಂತೋಷವನ್ನು ಅಡಗಿಸಲಾರದೆ.

ಜೀವಮಾನದಲ್ಲಿ ಎತ್ತರದ ದನಿಯಲ್ಲಿ ಟೋಕನ್ ನಂಬರನ್ನೂ ಕೂಗದ ಗುಮಾಸ್ತ ಸ್ಟೂಲ್ ಹತ್ತಿ ನಿಂತ.

“ಹಳೇ ಧಾರಾವಾಹಿ, ಒಂಬತ್ತನೇ ಕಂತು! ಡಾಕ್ಟರಮ್ಮ ಏನಂತಾಳೆ? ಕ್ಯಾಪ್ಟನ್ ಹೃದಯ ಬಲಗಡೆ ಇದೆ ಅಂತಾಳೆ! ತೂತಿರೋದು ಎಡಗಡೆ! ಕ್ಯಾಪ್ಟನ್ ಸಾಯಲ್ಲ!”

ಬೀದಿಯೇ ಕಿತ್ತುಹೋಗುವಂತೆ ಚಪ್ಪಾಳೆ. ಯಾರೋ ಅದನ್ನೆಲ್ಲ ವಿಡಿಯೊ ಮಾಡಿ ಹರಿಯಬಿಟ್ಟರು. ಗುಮಾಸ್ತ ಸ್ಟೂಲಿನಿಂದ ಇಳಿಯುವಾಗ, ಕ್ಯಾಪ್ಟನ್ನನ್ನು ತಾನೇ ಎತ್ತಿ ನೌಕೆಯೊಳಗೆ ಬಿಟ್ಟುಬಂದವನಂತೆ ಕಾಣುತ್ತಿದ್ದ.

ನಾಲ್ಕಕ್ಕೆ ಮೇಡಂ ಜನರನ್ನು ಸರಿಸಿಕೊಂಡು ಒಳಬಂದರು. ಕೋಟಿನ ತೂತಿಗೆ ಬೆರಳು ತೂರಿಸಿ, “ಬೆಳಿಗ್ಗೆ ಇದು ಇರಲಿಲ್ಲ,” ಎಂದರು.

ಯಜಮಾನರು ಚೀಟಿ ತಿರುವಿ ನೋಡಿ ಗುಮಾಸ್ತನ ಮುಖ ನೋಡಿದರು. ಅವನು ಗೋಡೆಯ ಸುಣ್ಣದಂತಾದ.

ಇಸ್ತ್ರಿ ಅಕ್ಕನಿಗೆ ತಡೆಯಲಾಗಲಿಲ್ಲ. “ತಪ್ಪು ನಂದು ಯಜಮಾನ್ರೇ. ಇಸ್ತ್ರಿ ತುದಿ ತಗುಲಿಬಿಡ್ತು. ಹೇಳೋಣ ಅಂದ್ರೆ ಇವನು ಆಗ್ಲೇ ಹೆಣದ ಮುಂದೆ ಕೂತೋನ ಥರ ಕೂತಿದ್ದ. ಬಾಯೇ ಬರ್ಲಿಲ್ಲ.”

ಗುಮಾಸ್ತ ಸಿಟ್ಟಾಗುವ ಬದಲು ಅಕ್ಕನ ಎರಡೂ ಕೈ ಹಿಡಿದುಕೊಂಡ. “ಹಾಗಾದ್ರೆ ಗುಂಡಲ್ವಾ? ಕ್ಯಾಪ್ಟನ್ ಬದುಕ್ತಾನಾ?”

“ಬದುಕ್ತಿದ್ದ,” ಎಂದರು ಮೇಡಂ. “ಬಾಗಿಲು ತೆಗೀತಾರೆ, ಒಳಗೆ ಬಂದು ಬಿಸಿ ಸೂಪ್ ಕುಡೀತಾನೆ ಅಂತ ಬರೆದಾಗಿತ್ತು. ಮಧ್ಯಾಹ್ನ ನಿಮ್ಮ ಗಲಾಟೆ ನೋಡಿ ನಿರ್ದೇಶಕರು ಕುಣಿದುಬಿಟ್ರು. ಎರಡನೇ ಭಾಗದ ಬಗ್ಗೆ ಇಷ್ಟು ಜನ ಯಾವತ್ತೂ ಮಾತಾಡಿರ್ಲಿಲ್ಲ. ಈಗ ಬಾಗಿಲು ತೆಗೆದ ಕೂಡಲೇ ಗುಂಡು.”

“ಆದ್ರೆ ಹೃದಯ... ಬಲಗಡೆ...”

“ಅದಕ್ಕೇ ನಿಮಗೆ ವಿಶೇಷವಾಗಿ ಥ್ಯಾಂಕ್ಸ್ ಹೇಳಿ ಅಂದಿದ್ದಾರೆ. ಬರೆಯೋರಿಗೆ ಒಬ್ಬರಿಗೂ ಅದು ನೆನಪಿರ್ಲಿಲ್ಲ. ಎಡಗಡೆ ಹೊಡೆದಿದ್ರೆ ಎಲ್ಲರೂ ನಗ್ತಿದ್ರು.” ಮೇಡಂ ಚೀಲದಿಂದ ಮೂರು ಹೊಸ ನೀಲಿ ಕೋಟುಗಳನ್ನು ತೆಗೆದಿಟ್ಟರು. “ಮೂರಕ್ಕೂ ತೂತು ಬೇಕು. ಬಲಗಡೆ. ಇದೇ ಅಳತೆ.”

ಇಸ್ತ್ರಿ ಅಕ್ಕ ಕಾದ ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಗುಮಾಸ್ತನ ಕಡೆ ಸರಿಸಿದಳು. “ನನಗೆ ದಿನಕ್ಕೆ ಒಂದೇ ಸಾಕು ತಮ್ಮಾ.”

“ಮೊದಲು ಚೀಟಿ ಬರಿ,” ಎಂದರು ಯಜಮಾನರು.

ಗುಮಾಸ್ತ ಈ ಸಲ ಯಾವುದನ್ನೂ ಬಿಡಲಿಲ್ಲ. ಕೋಟುಗಳನ್ನು ಹರಡಿ, ಪ್ರತಿ ಗುಂಡಿಯನ್ನೂ ಎಳೆದು ನೋಡಿ ಬರೆದ: ‘ಕೋಟು ಮೂರು. ಬಲ ಎದೆಯಲ್ಲಿ ಸುಟ್ಟ ತೂತು, ತಲಾ ಒಂದು.’ ಪಕ್ಕದಲ್ಲಿ ‘ಕಾರಣ’ ಎಂಬ ಜಾಗ ಖಾಲಿಯಿತ್ತು. ಸ್ವಲ್ಪ ಹೊತ್ತು ಯೋಚಿಸಿ ಅಲ್ಲಿ ತನ್ನ ಹೆಸರು ಬರೆದು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡ.

ಹೊರಗೆ ಜನ ಇನ್ನೂ ಚದುರಿರಲಿಲ್ಲ. “ಕ್ಯಾಪ್ಟನ್ ಸಾಯಲ್ಲ! ಕ್ಯಾಪ್ಟನ್ ಸಾಯಲ್ಲ!” ಎಂದು ಕೂಗುತ್ತಲೇ ಇದ್ದರು.